ತಮ್ಮನಿಲ್ಲದ್ದಕ್ಕೆ ಒಲಿದ ಪಟ್ಟ: ಸ್ಪೇನಿನ ಲಿಯೊನೋರ್ ಮತ್ತು ಬದಲಾಗದ 57ನೇ ವಿಧಿ

ಸ್ಪೇನಿನ ಯುವರಾಣಿ ಲಿಯೊನೋರ್ 2023ರ ಅಕ್ಟೋಬರ್ 31ರಂದು, 18 ವರ್ಷ ತುಂಬಿದ ದಿನವೇ, ಮ್ಯಾಡ್ರಿಡ್‌ನ ಸಂಸತ್ತಿನಲ್ಲಿ ಸಂವಿಧಾನಕ್ಕೆ ನಿಷ್ಠರಾಗಿರುವುದಾಗಿ ಪ್ರಮಾಣವಚನ ಸ್ವೀಕರಿಸಿದರು. ಕೆಟಲೋನಿಯಾ ಮತ್ತು ಬಾಸ್ಕ್ ಪ್ರಾಂತ್ಯಗಳ ರಾಷ್ಟ್ರೀಯವಾದಿ ಪಕ್ಷಗಳೂ ಎಡಪಂಥದ ಕೆಲವು ಸಚಿವರೂ ಅಂದು ಸಭೆಯಿಂದ ದೂರ ಉಳಿದರು. ಅರಸೊತ್ತಿಗೆ ಬೇಕೇ ಬೇಡವೇ ಎಂಬ ಆ ಜಗಳ ಹಳೆಯದು. ಅದರ ಗದ್ದಲದಲ್ಲಿ ಮರೆಯಾದ ಸಂಗತಿಯೆಂದರೆ, ಆಕೆ ಯಾವ ಸಂವಿಧಾನದ ಹೆಸರಿನಲ್ಲಿ ಪ್ರಮಾಣ ಮಾಡಿದರೋ ಅದೇ ಸಂವಿಧಾನವು, ಆಕೆಗೊಬ್ಬ ತಮ್ಮ ಹುಟ್ಟಿದ್ದಿದ್ದರೆ, ಪಟ್ಟವನ್ನು ಅವನಿಗೆ ಕೊಡುತ್ತಿತ್ತು.

1978ರ ಸಂವಿಧಾನದ 57ನೇ ವಿಧಿಯಂತೆ, ಒಂದೇ ತಲೆಮಾರಿನ ವಾರಸುದಾರರಲ್ಲಿ ಹೆಣ್ಣಿಗಿಂತ ಗಂಡಿಗೆ ಮೊದಲ ಹಕ್ಕು. ಲಿಯೊನೋರ್ ಅವರ ತಂದೆ ಆರನೆಯ ಫೆಲಿಪೆ ಎಲೆನಾ, ಕ್ರಿಸ್ಟಿನಾ ಎಂಬ ಇಬ್ಬರು ಅಕ್ಕಂದಿರನ್ನು ದಾಟಿ 2014ರಲ್ಲಿ ದೊರೆಯಾದದ್ದು ಈ ವಿಧಿಯ ಬಲದಿಂದಲೇ.

ಹೆಣ್ಣಿಗೆ ಪಟ್ಟ ಸಲ್ಲಬೇಕೇ ಎಂಬ ಜಗಳದ ಬೇರು ಆಳದಲ್ಲಿದೆ. ಫ್ರಾನ್ಸಿನಿಂದ ಬಂದ ಬೂರ್ಬನ್ ವಂಶದ ಐದನೆಯ ಫೆಲಿಪೆ 1713ರಲ್ಲಿ ಹೆಣ್ಣುಮಕ್ಕಳನ್ನು ಉತ್ತರಾಧಿಕಾರದಿಂದ ಬಹುಮಟ್ಟಿಗೆ ಹೊರಗಿಟ್ಟಿದ್ದರು. ಗಂಡುಸಂತಾನವಿಲ್ಲದ ಏಳನೆಯ ಫರ್ನಾಂಡೊ 1830ರಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ಮೂರು ವರ್ಷದ ಬಳಿಕ ಅವರು ತೀರಿಕೊಂಡು, ಇನ್ನೂ ಮೂರು ತುಂಬದ ಮಗಳು ಇಸಾಬೆಲ್ ರಾಣಿಯಾದಾಗ, ಸಿಂಹಾಸನ ತನ್ನದೆಂದು ಚಿಕ್ಕಪ್ಪ ಕಾರ್ಲೋಸ್ ಎದ್ದು ನಿಂತರು. ದೇಶ ಏಳು ವರ್ಷ ಅಂತರ್ಯುದ್ಧದಲ್ಲಿ ಬೆಂದಿತು. 1885ರ ಪ್ರಸಂಗವಂತೂ ಇನ್ನೂ ವಿಚಿತ್ರ. ಹನ್ನೆರಡನೆಯ ಅಲ್ಫೊನ್ಸೊ ತೀರಿಕೊಂಡಾಗ ಹಿರಿಯ ಮಗಳು ಮರ್ಸಿಡಿಸ್‌ಗೆ ಐದು ವರ್ಷ. ಆದರೂ ಯಾರನ್ನೂ ಪಟ್ಟಕ್ಕೇರಿಸದೆ, ಗರ್ಭಿಣಿ ರಾಣಿಯ ಹೆರಿಗೆಯಾಗುವವರೆಗೂ ಸಿಂಹಾಸನವನ್ನು ಖಾಲಿ ಬಿಡಲಾಯಿತು. 1886ರ ಮೇ ತಿಂಗಳಲ್ಲಿ ಗಂಡುಮಗು ಹುಟ್ಟಿತು. ಹುಟ್ಟಿದ ಗಳಿಗೆಯಿಂದಲೇ ಅದು ದೊರೆ.

ಲಿಯೊನೋರ್ ಹುಟ್ಟಿದ್ದು 2005ರಲ್ಲಿ. ಸ್ವೀಡನ್ 1980ರಲ್ಲೇ ಕಾನೂನು ಬದಲಿಸಿ, ಮಗುವಾಗಿದ್ದ ರಾಜಕುಮಾರನಿಂದ ಪಟ್ಟದ ಹಕ್ಕನ್ನು ಅವನ ಅಕ್ಕ ವಿಕ್ಟೋರಿಯಾಗೆ ವರ್ಗಾಯಿಸಿತ್ತು. ಸ್ಪೇನಿನಲ್ಲೂ ಆಗಿನ ಸಮಾಜವಾದಿ ಸರ್ಕಾರ ತಿದ್ದುಪಡಿಗೆ ಒಲವು ತೋರಿತ್ತು, 2006ರಲ್ಲಿ ರಾಜ್ಯ ಸಲಹಾ ಮಂಡಳಿ ವರದಿಯನ್ನೂ ಕೊಟ್ಟಿತು. 2007ರಲ್ಲಿ ಎರಡನೆಯ ಮಗು ಸೋಫಿಯಾ ಹುಟ್ಟಿದಾಗ, ಅದೂ ಹೆಣ್ಣಾದ್ದರಿಂದ, ಅವಸರವೇ ಇಲ್ಲವಾಯಿತು. ಕಡತ ಮುಚ್ಚಲು ರಾಜಕಾರಣಿಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ.

ಅಡ್ಡಿ ಇರುವುದು 168ನೇ ವಿಧಿಯಲ್ಲಿ. ಅರಸೊತ್ತಿಗೆಗೆ ಸಂಬಂಧಿಸಿದ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು; ಆಮೇಲೆ ಸಂಸತ್ತನ್ನು ವಿಸರ್ಜಿಸಿ ಚುನಾವಣೆ ನಡೆಸಬೇಕು; ಹೊಸ ಸದನಗಳೂ ಅಷ್ಟೇ ಬಹುಮತದಿಂದ ಒಪ್ಪಬೇಕು; ಕೊನೆಗೆ ಜನಮತಗಣನೆ. 1992, 2011 ಮತ್ತು 2024ರ ತಿದ್ದುಪಡಿಗಳೆಲ್ಲ ಸುಲಭದ ಬೇರೆ ದಾರಿಯಲ್ಲಿ ಸಾಗಿದವು. ಈ ಒಂದು ಸಾಲಿಗಾಗಿ ಮತಗಟ್ಟೆಗೆ ಹೋದ ಜನ ಅರಸೊತ್ತಿಗೆಯ ಮೇಲೆಯೇ ತೀರ್ಪು ಕೊಟ್ಟುಬಿಟ್ಟರೆ ಎಂಬ ಅಳುಕು ದೊಡ್ಡ ಪಕ್ಷಗಳಿಗಿದೆ.

ಇತ್ತ ಲಿಯೊನೋರ್ ಅವರ ತಯಾರಿ ಮಾತ್ರ ನಿಂತಿಲ್ಲ. ವೇಲ್ಸ್‌ನ ವಸತಿ ಕಾಲೇಜಿನಲ್ಲಿ ಎರಡು ವರ್ಷ ಓದಿದ ಅವರು, ದೊರೆಯೇ ಸೇನೆಯ ಮಹಾದಂಡನಾಯಕರಾಗಿರುವ ಕಾರಣ, 2023ರಲ್ಲಿ ಸಾರಗೋಸಾದ ಭೂಸೇನಾ ಅಕಾಡೆಮಿ, ಮರುವರ್ಷ ಮಾರಿನ್‌ನ ನೌಕಾ ಶಾಲೆ, 2025ರಲ್ಲಿ ಸಾನ್ ಹಾವಿಯರ್‌ನ ವಾಯುಸೇನಾ ಅಕಾಡೆಮಿ ಸೇರಿದರು. ನಡುವೆ ‘ಹುವಾನ್ ಸೆಬಾಸ್ಟಿಯನ್ ಡಿ ಎಲ್ಕಾನೊ’ ಎಂಬ ಹಾಯಿ ಹಡಗಿನಲ್ಲಿ ಕಾಡಿಸ್ ಬಂದರಿನಿಂದ ಅಟ್ಲಾಂಟಿಕ್ ದಾಟಿದರು.

57ನೇ ವಿಧಿ ಹೀಗೇ ಉಳಿದರೆ, ಮುಂದೆ ಅವರಿಗೆ ಮೊದಲು ಮಗಳು, ನಂತರ ಮಗ ಹುಟ್ಟಿದ ಪಕ್ಷದಲ್ಲಿ ಪಟ್ಟ ಸಲ್ಲುವುದು ಮಗನಿಗೆ.