ಕುಣಿಯೋಕೆ ವಾಲಗ ಸಾಕು, ಅಳೋಕೆ ಮಾತು ಬೇಕು

ಕೊಡಗಿನ ಮದುವೆಗೆ ಹೋದವರಿಗೆಲ್ಲ ವಾಲಗದ ಸದ್ದು ಗೊತ್ತು. ಅದರಲ್ಲಿ ಒಂದೇ ಒಂದು ಪದವಿಲ್ಲ. ಆದರೂ ಅದು ಶುರುವಾದ ಕೂಡಲೇ ಅಜ್ಜಂದಿರೂ ಮಕ್ಕಳೂ ಒಟ್ಟಿಗೆ ಕುಣಿಯುತ್ತಾರೆ. ಇದೇ ನಾಡಿನಲ್ಲಿ ಸಾವಿನ ಮನೆಯ ಹಾಡೂ ಇದೆ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಆ ಚಾವು ಪಾಟಿನಲ್ಲಿ ಮಾತೇ ಮುಖ್ಯ. ತೀರಿಕೊಂಡವರು ಹೇಗೆ ಬಾಳಿದರು ಅಂತ ಹಾಡುವವರು ಹೇಳುತ್ತಾ ಹೋಗುತ್ತಾರೆ, ಕೇಳುವವರ ಕಣ್ಣು ತುಂಬುತ್ತದೆ. ಸಂತೋಷಕ್ಕೆ ಬೇಡವಾದ ಮಾತು ದುಃಖಕ್ಕೆ ಯಾಕೆ ಬೇಕು?

ಓಮರ್ ಅಲಿ ಮತ್ತು ಝೆಹ್ರಾ ಪೆಯ್ನಿರ್ಜಿಓಲು ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದಕ್ಕೆ ಹತ್ತಿರದ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ರಾಗವನ್ನು ಸಾಹಿತ್ಯದ ಜೊತೆ ಮತ್ತು ಸಾಹಿತ್ಯವಿಲ್ಲದೆ ಕೇಳಿಸಿದರು. ಒಟ್ಟಿನಲ್ಲಿ ಭಾವನೆ ಎಬ್ಬಿಸುವುದರಲ್ಲಿ ರಾಗದ್ದೇ ಮೇಲುಗೈ. ಆದರೆ ದುಃಖ, ಸಿಟ್ಟಿನ ಹಾಡುಗಳಿಗೆ ಮಾತು ಸೇರಿದಾಗ ಭಾವ ಇನ್ನಷ್ಟು ಗಟ್ಟಿಯಾಯಿತು. ಖುಷಿಯ, ನೆಮ್ಮದಿಯ ಹಾಡುಗಳಲ್ಲಿ ಮಾತು ಸೇರಿದರೆ ಭಾವ ಸ್ವಲ್ಪ ಕಡಿಮೆಯೇ ಆಯಿತು! ಅವರು ಪರೀಕ್ಷೆ ಮಾಡಿದ್ದು ಕೊಡಗಿನ ಹಾಡುಗಳನ್ನಲ್ಲ. ಆದರೂ ಇದನ್ನು ಓದಿದಾಗ ನನಗೆ ವಾಲಗ, ಚಾವು ಪಾಟ್ ಎರಡೂ ಒಟ್ಟಿಗೆ ನೆನಪಾದವು.

ನನಗೆ ಅನಿಸುವುದು ಇಷ್ಟು. ಕುಣಿತದ ಖುಷಿಗೆ ಮೈ ಸಾಕು. ತಾಳ ಕೇಳಿದರೆ ಸಾಕು, ನಾವು ಸುಮ್ನೆ ಕೂತಿದ್ದರೂ ಮೆದುಳಿನಲ್ಲಿ ಚಲನೆಯನ್ನು ನೋಡಿಕೊಳ್ಳುವ ಭಾಗಗಳು ಚುರುಕಾಗುತ್ತವೆ. ದುಃಖಕ್ಕೆ ಹಾಗಲ್ಲ. ಯಾರು ಹೋದರು, ಏನು ಹೋಯಿತು ಅಂತ ಯಾರಾದರೂ ಹೇಳಬೇಕು.

ಹೇಳುವ ರೀತಿಯೂ ಮುಖ್ಯ. 'ಮನಸ್ಸು ನೋವಿನಿಂದ ತುಂಬಿದೆ' ಅಂತ ಬರೆದರೆ ಕೇಳುವವರಿಗೆ ಅರ್ಥವಾಗುತ್ತದೆ, ಅಷ್ಟೇ. 'ಜಗಲಿಯಲ್ಲಿ ಅವರ ಒದ್ದೆ ಕೊಡೆ ಇನ್ನೂ ಒಣಗಿಲ್ಲ' ಅಂದು ನೋಡಿ. ಕೊಡಗಿನ ಮಳೆಗಾಲ ಕಂಡವರಿಗೆ ಆ ಕೊಡೆ ಕಾಣುತ್ತದೆ, ಅದರಿಂದ ಇಳಿಯುವ ನೀರೂ ಕಾಣುತ್ತದೆ. ನೋವು ಎಂಬ ಪದವೇ ಬೇಕಾಗಲಿಲ್ಲ, ಅಲ್ವಾ? ಇದಕ್ಕೆ ಮೆದುಳಿನಲ್ಲೂ ಒಂದು ಸುಳಿವಿದೆ. 2004ರಲ್ಲಿ ಒಲಾಫ್ ಹೌಕ್ ಮತ್ತು ಸಂಗಡಿಗರು ಒದೆಯುವ, ಹೆಕ್ಕುವ, ನೆಕ್ಕುವ ಕೆಲಸಗಳನ್ನು ಹೇಳುವ ಇಂಗ್ಲಿಷ್ ಪದಗಳನ್ನು ಜನರಿಗೆ ಓದಲು ಕೊಟ್ಟು ಮೆದುಳನ್ನು ಸ್ಕ್ಯಾನ್ ಮಾಡಿದರು. ಕಾಲಿನ ಪದ ಓದಿದಾಗ ಕಾಲನ್ನು ಆಡಿಸುವ ಭಾಗದ ಹತ್ತಿರ, ಕೈಯ ಪದ ಓದಿದಾಗ ಕೈಯ ಭಾಗದ ಹತ್ತಿರ ಚಟುವಟಿಕೆ ಕಂಡಿತು. ಕಣ್ಣಿಗೆ, ಕೈಗೆ ಸಿಗುವ ಮಾತು ಮೈಯನ್ನೂ ಸ್ವಲ್ಪ ಮುಟ್ಟುತ್ತದೆ.

ಹಳೆಯ ಹಾಡುಗಾರರಿಗೆ ಇದು ಯಾವ ಸ್ಕ್ಯಾನೂ ಇಲ್ಲದೆ ಗೊತ್ತಿತ್ತು. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡುವಾಗ ನಾಲ್ವರು ದುಡಿ ಹಿಡಿಯುತ್ತಾರೆ. ಹಾಡಿನ ಚೌಕಟ್ಟು ಹಳೆಯದು. ಆದರೆ ಅದರೊಳಗೆ ಆ ದಿನದ ಒಕ್ಕದ (ಕುಲದ) ಹೆಸರು, ಆ ಮನೆಯ ಹೆಸರು, ಆ ಮನೆಯವರ ಕಥೆ ಬರುತ್ತದೆ. ತಮ್ಮ ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಹೆಸರು ಹಾಡಿನಲ್ಲಿ ಬಂದಾಗ ಕೂತವರು ಸ್ವಲ್ಪ ನೆಟ್ಟಗಾಗುತ್ತಾರೆ. ಸಿನಿಮಾ ಹಾಡಿಗೆ ಈ ಶಕ್ತಿ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದು ಎಲ್ಲರಿಗಾಗಿ ಬರೆದದ್ದು, ಇದು ಈ ಮನೆಗಾಗಿ ಹಾಡಿದ್ದು.

ಇಷ್ಟುದ್ದದ ಹಾಡುಗಳು ಬಾಯಿಂದ ಬಾಯಿಗೆ ಉಳಿದದ್ದು ಹೇಗೆ? ನಡಿಕೇರಿಯಂಡ ಚಿಣ್ಣಪ್ಪ ಅವರು ಇವುಗಳನ್ನು ಕೂಡಿಸಿ 'ಪಟ್ಟೋಲೆ ಪಳಮೆ' ಪ್ರಕಟಿಸಿದ್ದು 1924ರಲ್ಲಿ. ಅದಕ್ಕೂ ಮುಂಚೆ ನೆನಪೇ ಪುಸ್ತಕ. ಸಂಶೋಧಕಿ ವಾಂಡಾ ವಾಲೆಸ್ 1994ರಲ್ಲಿ ತೋರಿಸಿದ ಸಂಗತಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದೇ ರಾಗ ಚರಣದಿಂದ ಚರಣಕ್ಕೆ ಮರಳಿ ಬಂದರೆ, ಬರೀ ಮಾತಾಗಿ ಕೇಳಿದ್ದಕ್ಕಿಂತ ಹಾಡಾಗಿ ಕೇಳಿದ್ದು ಜಾಸ್ತಿ ನೆನಪಿರುತ್ತದೆ. ಪ್ರತಿ ಚರಣಕ್ಕೂ ರಾಗ ಬದಲಾದರೆ ಆ ಲಾಭ ಸಿಗುವುದಿಲ್ಲ. ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ, ಒತ್ತು ಎಲ್ಲಿ ಬೀಳುತ್ತದೆ ಅಂತ ರಾಗವೇ ಹೇಳಿಕೊಡುತ್ತದೆ. ಬಾಳೋಪಾಟಿನ ಒಂದೇ ಧಾಟಿ ಹೊಸಬರಿಗೆ ಬೇಸರ ತರಿಸಬಹುದು. ಆದರೆ ಮಾತನ್ನು ಹೊತ್ತು ತಂದದ್ದು ಆ ಧಾಟಿಯೇ.

ಇನ್ನೊಂದು ಸಂಗತಿ ಹಾಡಿನ ಒಳಗಿಲ್ಲ, ಕೇಳುವವರಲ್ಲಿದೆ. ಸಂಶೋಧಕ ಪೀಟರ್ ಜನಾಟಾ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡು ಸ್ವಂತ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದೆ, ಮೆದುಳಿನ ಮುಂಭಾಗದ ನಡುವೆ ಇರುವ ಒಂದು ಪ್ರದೇಶ ಚುರುಕಾಯಿತು. ಹಾಗಾಗಿ ಒಂದೇ ಸಾಲು ಮಗಳಿಗೆ ಒಂದಾದರೆ ಸೋಮವಾರಪೇಟೆಯಿಂದ ಬಂದ ನೆಂಟರಿಗೆ ಇನ್ನೊಂದು.

ಈಗ ಅನೇಕರು ಹಿರಿಯರ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಒಂದು ಮನವಿ ಇದೆ. ಹಾಡು ಮುಗಿದ ಮೇಲೆ ಫೋನ್ ಆಫ್ ಮಾಡಬೇಡಿ. ಇದನ್ನು ಯಾರ ಮನೆಯಲ್ಲಿ ಹಾಡಿದ್ದು, ಯಾರು ತೀರಿಕೊಂಡಾಗ, ಈ ಸಾಲಿನಲ್ಲಿ ಬರುವ ಗದ್ದೆ ಎಲ್ಲಿದೆ ಅಂತ ಕೇಳಿ, ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ.