ಫ್ರೇಮಿಗೆ ಮೂಗುದಾರ ಎಲ್ಲಿ ಹಾಕಬೇಕು?

ಬೇಸಿಗೆ ಕಾಲಿಟ್ಟಿತೆಂದರೆ ವಿಜಯಪುರದ ನನ್ನ ಅಂಗಡಿಗೆ ಬರುವ ಗೇಮಿಂಗ್ ಕಂಪ್ಯೂಟರುಗಳ ದೂರು ಬಹುಪಾಲು ಒಂದೇ ಬಗೆಯದು. ಫ್ಯಾನ್ ಕಿರುಚುತ್ತದೆ, ಆಟ ತಡವರಿಸುತ್ತದೆ, ಯುಪಿಎಸ್ ಕೂಗಿಕೊಂಡು ಎಲ್ಲವೂ ಬಂದ್ ಆಗುತ್ತದೆ. ಧೂಳು ಊದಿ ತೆಗೆಯುವುದು, ಥರ್ಮಲ್ ಪೇಸ್ಟ್ ಬದಲಿಸುವುದು ಇದ್ದದ್ದೇ. ಅದಕ್ಕೂ ಮೊದಲು ನಾನು ನೋಡುವುದು ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ತಯಾರಾಗಬಹುದು ಎಂಬ ಗಡಿಯನ್ನು. ಹೆಚ್ಚಿನವರ ಯಂತ್ರದಲ್ಲಿ ಅದು ಎಲ್ಲಿಯೂ ಇರುವುದಿಲ್ಲ. ಕೆಲವರ ಯಂತ್ರದಲ್ಲಿ ಮೂರು ಕಡೆ ಇರುತ್ತದೆ. ಎರಡರಿಂದಲೂ ತೊಂದರೆಯೇ.

ಕಳೆದ ಬೇಸಿಗೆಯಲ್ಲಿ ಒಬ್ಬ ತಂದೆ ಮಗನ ಕಂಪ್ಯೂಟರನ್ನೂ ಯುಪಿಎಸ್ಸನ್ನೂ ಒಟ್ಟಿಗೆ ಹೊತ್ತು ತಂದರು. “ಬ್ಯಾಟರಿ ಹೋಗಿದೆ ಸಾಹೇಬರೆ, ಹೊಸದು ಹಾಕಿಬಿಡಿರಿ” ಎಂದರು. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. 600 ವಿಎ ಎಂದು ಬರೆದಿರುವ ಇಂಥ ಯುಪಿಎಸ್ ಹೊರುವುದು ಸುಮಾರು 360 ವಾಟ್ ಮಾತ್ರ. ಒಳಗಿದ್ದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಒಂದೇ 170 ವಾಟ್ ಎಳೆಯಬಲ್ಲದು. ಪ್ರೊಸೆಸರ್, ಮಾನಿಟರ್ ಸೇರಿದರೆ ಅಂಚಿಗೆ ಬಂದಂತೆಯೇ. ಆಟ ಹಾಕಿಸಿದೆ. ಇನ್ನೂ ಆಟ ಶುರುವಾಗಿರಲಿಲ್ಲ, ಮೆನು ಮಾತ್ರ ತೆರೆದಿತ್ತು; ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ತೋರಿಸುವ ಪರದೆಯ ಮೂಲೆಯ ಅಂಕಿ ಆಗಲೇ 600 ದಾಟಿತ್ತು. ಮಾನಿಟರ್ ನೋಡಿದರೆ 75 ಹರ್ಟ್ಜ್, ಅಂದರೆ ಸೆಕೆಂಡಿಗೆ 75 ಬಾರಿ ಮಾತ್ರ ಚಿತ್ರ ಬದಲಿಸುವಂಥದು. ಮೆನುವಿಗೆ 60 ಎಂದು ಮಿತಿ ಹಾಕಿದೆ. ಫ್ಯಾನಿನ ಕಿರುಚಾಟ ನಿಂತಿತು, ಯುಪಿಎಸ್ ಸುಮ್ಮನಾಯಿತು. ಬ್ಯಾಟರಿ ಮಾರುವ ಅವಕಾಶವೊಂದು ನನ್ನ ಕೈತಪ್ಪಿತು, ಅಷ್ಟೇ.

ಮೆನುವಿನಲ್ಲಿ ಏನು ಮಹಾ ಕೆಲಸ ಎಂದು ಕೇಳುವವರಿದ್ದಾರೆ. ಚಿತ್ರ ಸರಳವಾಗಿರುವುದೇ ಅಲ್ಲಿಯ ಕೇಡು: ಕಾರ್ಡಿಗೆ ಲಗಾಮಿಲ್ಲದೆ ಎಷ್ಟಾದರೂ ಫ್ರೇಮ್ ಹೊರಹಾಕಬಹುದು. 2021ರ ಜುಲೈಯಲ್ಲಿ ಅಮೆಜಾನ್‌ನ ‘ನ್ಯೂ ವರ್ಲ್ಡ್’ ಆಟದ ಪರೀಕ್ಷಾ ಆವೃತ್ತಿ ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತೇಹೋದವು. ಆ ಕಾರ್ಡುಗಳಲ್ಲಿ ಬೆಸುಗೆಯ ದೋಷವಿತ್ತೆಂದು ತಯಾರಕರು ಆಮೇಲೆ ಹೇಳಿದರು. ಆಟ ಮಾಡಿದವರೂ ಮೆನುವಿನ ಫ್ರೇಮಿಗೆ ಮಿತಿ ಹಾಕಿದರು. ‘ವ್ಯಾಲೊರೆಂಟ್’ ಆಟದಲ್ಲಂತೂ ಮೆನುವಿಗೆ, ಹಿನ್ನೆಲೆಗೆ, ಲ್ಯಾಪ್‌ಟಾಪ್ ಬ್ಯಾಟರಿಗೆ, ಸದಾಕಾಲಕ್ಕೆ ಎಂದು ಬೇರೆ ಬೇರೆ ಮಿತಿ ಹಾಕಬಹುದು. ಮೊದಲ ಮೂರನ್ನು ಕಣ್ಣುಮುಚ್ಚಿ ಹಾಕಿಕೊಳ್ಳಿ. ನಾಲ್ಕನೆಯದಕ್ಕೆ ಸ್ವಲ್ಪ ಯೋಚನೆ ಬೇಕು.

ಮಿತಿ ಹಾಕಿದರೆ ಆಟ ನಿಧಾನವಾಗುತ್ತದೆ ಎಂಬ ಭಯ ಹುಡುಗರಲ್ಲಿ ಬೇರೂರಿದೆ. ಬಹಳ ಸಲ ನಡೆಯುವುದು ಅದರ ತದ್ವಿರುದ್ಧ. ನಮ್ಮ ಖಾನಾವಳಿಯಲ್ಲಿ ಉಣ್ಣುವವರ ವೇಗ ನೋಡದೆ ರೊಟ್ಟಿ ಬಡಿದು ಪೇರಿಸಿದರೆ ತಟ್ಟೆಗೆ ಬೀಳುವುದು ತಣ್ಣಗಾದ ರೊಟ್ಟಿ. ಗ್ರಾಫಿಕ್ಸ್ ಕಾರ್ಡ್ ಶೇ 99ರಷ್ಟು ದುಡಿಯುತ್ತಿರುವಾಗ ಪ್ರೊಸೆಸರ್ ಮುಂಗಡವಾಗಿ ಸಿದ್ಧಮಾಡಿದ ಫ್ರೇಮುಗಳೂ ಹಾಗೆಯೇ ಸಾಲುಗಟ್ಟಿ ಕಾಯುತ್ತವೆ. ಪರದೆಗೆ ಬಂದ ಫ್ರೇಮಿನಲ್ಲಿರುವುದು ಹಿಂದೆಂದೋ ಅಲ್ಲಾಡಿಸಿದ ಮೌಸ್. ಕಾರ್ಡಿಗೆ ಒಂದಿಷ್ಟು ಉಸಿರಾಡಲು ಜಾಗ ಬಿಡುವಂತೆ ಮಿತಿ ಹಾಕಿದರೆ ಈ ಸಾಲು ಕರಗುತ್ತದೆ, ಅಂಕಿ ಕಡಿಮೆಯಾದರೂ ಕೈಗೆ ಆಟ ಚುರುಕೆನಿಸುತ್ತದೆ.

ಇನ್ನು ಮಿತಿ ಎಲ್ಲಿ ಹಾಕಬೇಕು ಎಂಬುದು. ಆಟದ ಸೆಟ್ಟಿಂಗ್ಸ್‌ನಲ್ಲೇ ಇದ್ದರೆ ಅದೇ ನನ್ನ ಮೊದಲ ಆಯ್ಕೆ. ಆಟ ತಾನೇ ತಡೆದುಕೊಳ್ಳುವಾಗ ಸಾಮಾನ್ಯವಾಗಿ ಮೌಸ್, ಕೀಬೋರ್ಡ್ ಓದುವ ಮೊದಲೇ ಕಾಯುತ್ತದೆ. ಕಾದು ಮುಗಿದ ಮೇಲೆ ಓದಿದ್ದು ತಾಜಾ ಆಗಿರುತ್ತದೆ. ಎನ್‌ವಿಡಿಯಾ, ಎಎಮ್‌ಡಿ ಡ್ರೈವರಿನ (ಕಾರ್ಡನ್ನು ನಡೆಸುವ ತಂತ್ರಾಂಶದ) ಮಿತಿಯಾಗಲಿ, ರಿವಾಟ್ಯೂನರ್ ಎಂಬ ಹೊರಗಿನ ತಂತ್ರಾಂಶವಾಗಲಿ, ಓದುವುದು ಮುಗಿದು ಫ್ರೇಮ್ ಸಿದ್ಧವಾಗುವ ಹೊತ್ತಿಗೆ ಅಡ್ಡಗಟ್ಟುತ್ತವೆ. ಹಾಗಾಗಿ ಹೆಚ್ಚೆಂದರೆ ಒಂದು ಫ್ರೇಮಿನಷ್ಟು ತಡ ಸೇರಿಕೊಳ್ಳುತ್ತದೆ. 141ರ ಮಿತಿಯಲ್ಲಿ ಒಂದು ಫ್ರೇಮ್ ಎಂದರೆ 7 ಮಿಲಿಸೆಕೆಂಡ್, ಯಾರಿಗೂ ತಿಳಿಯದು. 60ರಲ್ಲಿ 16.7, 30ರಲ್ಲಿ 33.3. ಮಿತಿ ಕೆಳಗಿಳಿದಷ್ಟೂ ಅದನ್ನು ಎಲ್ಲಿ ಹಾಕಿದಿರಿ ಎಂಬುದು ಹೆಚ್ಚು ಮುಖ್ಯವಾಗುತ್ತದೆ. ಹಳೆಯ ಕಾರ್ಡಿನವರು ಇದನ್ನು ಗಮನಿಸಬೇಕು.

ಹಾಗೆಂದು ರಿವಾಟ್ಯೂನರನ್ನು ಕಡೆಗಣಿಸುವಂತಿಲ್ಲ. ಆಫ್ಟರ್‌ಬರ್ನರ್ ಎಂಬ, ಕಾರ್ಡಿನ ಬಿಸಿ, ವೇಗ ನೋಡುವ ತಂತ್ರಾಂಶದ ಜೊತೆಗೇ ಉಚಿತವಾಗಿ ಬರುವ ಈ ಪುಟ್ಟ ತಂತ್ರಾಂಶ ಫ್ರೇಮುಗಳ ನಡುವಿನ ಅಂತರವನ್ನು ಅಚ್ಚುಕಟ್ಟಾಗಿ ಸಮ ಇಡುತ್ತದೆ. ಕೆಲವು ಆಟಗಳ ಸ್ವಂತ ಮಿತಿ ಈ ವಿಷಯದಲ್ಲಿ ತೀರಾ ಒರಟು. ಗುರಿಯಿಟ್ಟು ಗುಂಡು ಹಾರಿಸುವ ಆಟಕ್ಕೆ ಒಳಗಿನ ಮಿತಿ, ಕಥೆ ನೋಡುತ್ತ ಅಲೆದಾಡುವ ಆಟಕ್ಕೆ ರಿವಾಟ್ಯೂನರ್ ಎಂಬುದು ನನ್ನ ರೂಢಿ. ಮೂರೂ ಕಡೆ 60 ಎಂದು ಬರೆದಿಟ್ಟು ‘ಭದ್ರವಾಗಿರಲಿ’ ಎನ್ನುವವರ ಯಂತ್ರದಲ್ಲಿ ಮಿತಿಗಳು ಒಂದಕ್ಕೊಂದು ಕಾಲು ಕೊಟ್ಟು ಎಡವಿಸುತ್ತವೆ. ಒಂದೇ ಇರಲಿ. ವಿ-ಸಿಂಕ್ ಬೇರೆ ಸಂಗತಿ: ಚಿತ್ರ ಅಡ್ಡಡ್ಡ ಸೀಳುವುದನ್ನು ತಪ್ಪಿಸುವುದು ಅದರ ಕೆಲಸ, ಮಿತಿಯೊಂದರಿಂದಲೇ ಅದು ಆಗುವುದಿಲ್ಲ.

ಎಷ್ಟು ಎಂಬ ಪ್ರಶ್ನೆಗೆ ಸರಾಸರಿ ಅಂಕಿ ನೋಡಿ ಉತ್ತರ ಹುಡುಕಬೇಡಿ. ಅರ್ಧ ಸೆಕೆಂಡಿನಲ್ಲಿ 59 ಫ್ರೇಮ್ ಬಂದು, ಕೊನೆಯದೊಂದೇ ಉಳಿದ ಅರ್ಧ ಸೆಕೆಂಡನ್ನು ನುಂಗಿದರೂ ಲೆಕ್ಕದಲ್ಲಿ ಅದು 60ಯೇ. ಆಡುವವನಿಗೆ ಮಾತ್ರ ಆಟ ಗಕ್ಕನೆ ನಿಂತಂತೆ. ಆಟದ ಅತಿ ಭಾರದ ಜಾಗಕ್ಕೆ ಹೋಗಿ, ಮಧ್ಯಾಹ್ನದ ಬಿಸಿಯಲ್ಲೇ, ಹತ್ತಿಪ್ಪತ್ತು ನಿಮಿಷ ಆಡಿ ಅಂಕಿ ಅತಿ ಕಡಿಮೆ ಎಂದರೆ ಎಲ್ಲಿಗೆ ಇಳಿಯುತ್ತದೆ ನೋಡಿ. ಮಿತಿ ಅದರ ಆಸುಪಾಸಿನಲ್ಲಿರಬೇಕು. ಬೆಳಿಗ್ಗೆ ಆರಕ್ಕೆ ಪರೀಕ್ಷಿಸಿದ ಅಂಕಿ ನಮ್ಮೂರಿನ ಮೇ ತಿಂಗಳ ಮೂರು ಗಂಟೆಗೆ ಸುಳ್ಳಾಗುತ್ತದೆ.

ಮಾನಿಟರಿನ ಲೆಕ್ಕವೂ ಸೇರಬೇಕು. ಜಿ-ಸಿಂಕ್, ಫ್ರೀಸಿಂಕ್ (ಫ್ರೇಮ್ ಬಂದ ಹಾಗೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುವ ಸೌಲಭ್ಯ) ಇಲ್ಲದ 144 ಹರ್ಟ್ಜ್ ಮಾನಿಟರಿನಲ್ಲಿ ವಿ-ಸಿಂಕ್ ಹಾಕಿ 60ಕ್ಕೆ ನಿಲ್ಲಿಸಿದರೆ 144 ಭಾಗಿಸು 60, ಅಂದರೆ 2.4, ಒಂದು ಫ್ರೇಮ್ ಎರಡು ಬಾರಿ, ಇನ್ನೊಂದು ಮೂರು ಬಾರಿ ಕಾಣಿಸಿ ನೋಟ ಕುಲುಕುತ್ತದೆ. 72 ಇಟ್ಟರೆ ಪ್ರತಿ ಫ್ರೇಮಿಗೂ ಎರಡೇ ಬಾರಿ, 48 ಇಟ್ಟರೆ ಮೂರೇ ಬಾರಿ. ಜಿ-ಸಿಂಕ್, ಫ್ರೀಸಿಂಕ್ ಇದ್ದವರಿಗೆ ಈ ಭಾಗಾಕಾರದ ಗೋಜಿಲ್ಲ. ಮಾನಿಟರಿನ ಅಂಕಿಗಿಂತ ಮೂರು ಕಡಿಮೆ, 144ಕ್ಕೆ 141, ಇಟ್ಟರೆ ಸಾಕು. ಎನ್‌ವಿಡಿಯಾದ ರಿಫ್ಲೆಕ್ಸ್ (ಮೌಸಿನ ತಡ ತಗ್ಗಿಸುವ ಸೌಲಭ್ಯ), ಜಿ-ಸಿಂಕ್, ವಿ-ಸಿಂಕ್ ಮೂರೂ ಕೂಡಿದಾಗ 144ರ ಮಾನಿಟರಿನಲ್ಲಿ ಮಿತಿ ತಾನಾಗಿಯೇ 138ರ ಸುತ್ತ ನಿಲ್ಲುತ್ತದೆ. ಅಲ್ಲಿ ಕೈಯಾಡಿಸಬೇಡಿ.

ಲ್ಯಾಪ್‌ಟಾಪಿನವರಿಗೆ ಇದರ ಲಾಭ ಇನ್ನೂ ಹೆಚ್ಚು. ಬಹುತೇಕ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ಬಿಸಿಯೂ ಒಂದೇ ತಾಮ್ರದ ಕೊಳವೆಗಳ ಮೇಲೆ ಬೀಳುತ್ತದೆ. ಮಿತಿ ಹಾಕಿದಾಗ ಚಿಪ್ಪಿನ ವೇಗದ ಜೊತೆ ವೋಲ್ಟೇಜೂ ಇಳಿಯುತ್ತದೆ, ವಿದ್ಯುತ್ತಿನ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ ಫ್ರೇಮ್ ಇಳಿದ ಪ್ರಮಾಣಕ್ಕಿಂತ ಬಿಸಿ ಹೆಚ್ಚು ಇಳಿಯುವುದುಂಟು. ಕೂಲಿಂಗ್ ಪ್ಯಾಡ್ ಮಾರುವ ನಾನೇ ಹೇಳುತ್ತಿದ್ದೇನೆ, ಮೊದಲು ಇದನ್ನು ಮಾಡಿ ನೋಡಿ.

ಪಂದ್ಯಕ್ಕೆಂದು ‘ಕೌಂಟರ್ ಸ್ಟ್ರೈಕ್’ ಆಡುವ ಹುಡುಗರು ಮಾತ್ರ ಒಪ್ಪುವುದಿಲ್ಲ. “ಅಣ್ಣಾ, ನನಗೆ 400 ಬೇಕೇ ಬೇಕು” ಎನ್ನುತ್ತಾರೆ. ಅವರ ಮಾತಿನಲ್ಲೂ ನಿಜವಿದೆ: ಮಾನಿಟರಿನ ವೇಗಕ್ಕಿಂತ ಹೆಚ್ಚು ಫ್ರೇಮ್ ತಯಾರಾದರೆ ಪರದೆಗೆ ಬರುವುದು ಇನ್ನಷ್ಟು ಹೊಸದಾಗಿರುತ್ತದೆ. ಆದರೆ ಕೋಣೆ ಕಾದು ಕಾರ್ಡ್ ತಾನೇ ವೇಗ ತಗ್ಗಿಸಿಕೊಳ್ಳತೊಡಗಿದರೆ ಆ 400 ಹತ್ತು ನಿಮಿಷವೂ ನಿಲ್ಲದು. ರಾತ್ರಿ ತಂಪಿನಲ್ಲಿ ಆಡುವುದಾದರೆ ಬಿಟ್ಟುಕೊಳ್ಳಲಿ. ಹಗಲಲ್ಲಾದರೆ 200ಕ್ಕೆ ನಿಲ್ಲಿಸಿ, ಒಂದೊಂದು ಫ್ರೇಮಿಗೆ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮ್ ಗೆರೆ ನೋಡಲಿ. ಗೆರೆ ನೆಟ್ಟಗಿದ್ದರೆ ಹತ್ತು ಹತ್ತು ಏರಿಸಲಿ, ಕುಣಿಯತೊಡಗಿದಾಗ ಒಂದು ಹೆಜ್ಜೆ ಹಿಂದೆ ಬರಲಿ.