ಎಷ್ಟು ಪಂಪ್ ಹೊಡೀಬೇಕ್ರಿ ಸರ?

ಕಲಬುರಗಿಯಲ್ಲಿ ಬೆಳೆದವರು ಏರ್‌ಗನ್ ಮೊದಲು ಮುಟ್ಟಿದ್ದು ಹೆಚ್ಚಾಗಿ ಶರಣಬಸವೇಶ್ವರ ಜಾತ್ರೆಯ ಬಲೂನ್ ಅಂಗಡಿಯಲ್ಲೇ. ನನಗೂ ಅಲ್ಲೇ ಈ ಹುಚ್ಚು ಹಿಡಿಯಿತು. ಈಗ 18 ವರ್ಷದಿಂದ ಹುಡುಗ ಹುಡುಗಿಯರಿಗೆ 10 ಮೀಟರ್ ರೈಫಲ್ ಕಲಿಸುತ್ತಿದ್ದೇನೆ. ಸಂಜೆ ಹೊತ್ತು ಕೆಟ್ಟ ಏರ್‌ಗನ್‌ಗಳನ್ನು ಬಿಚ್ಚಿ ರಿಪೇರಿ ಮಾಡುತ್ತೇನೆ. ವಾಷರ್ ಹೋದವು, ಸ್ಪ್ರಿಂಗ್ ಮುರಿದವು, ಯಾರೋ ಕೊಬ್ಬರಿ ಎಣ್ಣೆ ಸುರಿದು ಹಾಳು ಮಾಡಿದವು, ಎಲ್ಲಾ ಬರುತ್ತವೆ.

ಹೋದ ತಿಂಗಳು ಆಳಂದ ಕಡೆಯ ಹಿರಿಯ ರೈತರೊಬ್ಬರು ಬಂದರು. ಚೀಲದೊಳಗೆ ಪಂಪ್ ರೈಫಲ್. ಮಗ ತಂದುಕೊಟ್ಟದ್ದಂತೆ. ಪಂಪ್ ಹೊಡೆದರೆ ಗಾಳಿ ನಿಲ್ಲುತ್ತಿರಲಿಲ್ಲ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಂದು ಹರಿದಿತ್ತು, ಹೊಸದು ಹಾಕಿಕೊಟ್ಟೆ. ಹೊರಡುವಾಗ ಕೇಳಿದರು: "ಸರ, ಪಾರಿವಾಳಕ್ಕ ಎಷ್ಟು ಪಂಪ್ ಹೊಡೀಬೇಕ್ರಿ? ಮೊಲಕ್ಕ ಎಷ್ಟು? ಮಂಗ್ಯಾ ಭಾಳ ಕಾಟ ಕೊಡ್ಲತ್ತಾವ್ರಿ, ಸುಮ್ನೆ ಹೆದರಿಸಾಕ ಎರಡು ಸಾಕೇನ್ರಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ಪಂಪ್ ರೈಫಲ್ ಕೊಂಡವರಲ್ಲಿ ಬಹಳ ಜನ ಇದನ್ನೇ ಕೇಳುತ್ತಾರೆ. "ಕಾಕಾ, ಕೂಡ್ರಿ, ಚಹಾ ಕುಡಿಯೋಣ" ಎಂದು ಅವರನ್ನು ಕೂರಿಸಿಕೊಂಡೆ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಜಾತ್ರೆಯ ಬಂದೂಕು ನಳಿಗೆ ಮಡಚುವ ಜಾತಿಯದು. ಒಳಗೆ ದಪ್ಪ ಸ್ಪ್ರಿಂಗ್ ಇರುತ್ತದೆ. ಒಮ್ಮೆ ಮಡಚಿದರೆ ಮುಗಿಯಿತು, ಪ್ರತಿ ಸಲವೂ ಅಷ್ಟೇ ಜೋರು. ಪಂಪ್ ರೈಫಲ್ ಹಾಗಲ್ಲ. ಸೈಕಲ್ ಪಂಪ್ ಒಂದು ನಳಿಗೆಯ ಕೆಳಗೇ ಮಲಗಿದೆ ಅಂದುಕೊಳ್ಳಿ. ಹಿಡಿಯನ್ನು ಹೊರಗೆ ಎಳೆದು ಒಳಗೆ ಒತ್ತಿದರೆ ಒಂದು ಪಂಪ್. ಆ ಗಾಳಿ ವಾಲ್ವಿನ ಹಿಂದಿನ ಸಣ್ಣ ಕೋಣೆಗೆ ಹೋಗಿ ಕೂರುತ್ತದೆ. ಮತ್ತೊಂದು ಹೊಡೆದರೆ ಅದರ ಮೇಲೆ ಇನ್ನಷ್ಟು. ಟ್ರಿಗರ್ ಒತ್ತಿದಾಗ ಒಳಗಿನ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ಗಾಳಿ ಒಮ್ಮೆಗೇ ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ನಮ್ಮ ಕಡೆ ಈ ಪೆಲೆಟ್ಟಿಗೆ ಛರ್ರಾ ಅನ್ನುತ್ತಾರೆ.

ಮೂರು ಪಂಪಿನಿಂದ ಆರಕ್ಕೆ ಹೋದರೆ ವೇಗ ದುಪ್ಪಟ್ಟಾಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಆಗುವುದಿಲ್ಲ. ಮೊದಲ ಕೆಲವು ಪಂಪುಗಳಿಗೆ ವೇಗ ಚೆನ್ನಾಗಿ ಏರುತ್ತದೆ. ಆಮೇಲೆ ಒಂದೊಂದಕ್ಕೂ ಏರುವುದು ಕಡಿಮೆ, ಕೈಗೆ ಬೀಳುವ ಭಾರ ಮಾತ್ರ ಜಾಸ್ತಿ. ತಯಾರಕರು ಎಂಟು ಅಂದಿದ್ದರೆ ಎಂಟು, ಹತ್ತು ಅಂದಿದ್ದರೆ ಹತ್ತು. ಅದನ್ನು ದಾಟಿ ಹೊಡೆದರೆ ಒಳಗಿನ ಒತ್ತಡಕ್ಕೆ ವಾಲ್ವ್ ಬಿಗಿಯಾಗಿ ಕೂತುಬಿಡುತ್ತದೆ, ಸುತ್ತಿಗೆಯ ಪೆಟ್ಟಿಗೂ ತೆರೆಯುವುದಿಲ್ಲ. ಟ್ರಿಗರ್ ಒತ್ತಿದರೆ ಟಕ್ ಅನ್ನುತ್ತದೆ, ಏನೂ ಹಾರುವುದಿಲ್ಲ. "ಖಾಲಿ ಇದೆ" ಅಂತ ಮೂಲೆಗೆ ಇಡುತ್ತಾರೆ. ಒಳಗೆ ಪೂರ್ತಿ ಗಾಳಿ ಇರುತ್ತದೆ, ಪೆಲೆಟ್ಟೂ ಇರುತ್ತದೆ. ಗಾಳಿ ಸ್ವಲ್ಪ ಸ್ವಲ್ಪವೇ ಸೋರಿ ಒತ್ತಡ ಇಳಿದ ಮೇಲೆ ಅದೇ ರೈಫಲ್ ಮಗುವಿನ ಕೈಯಲ್ಲಿ ಸಿಡಿಯಬಹುದು. ನನ್ನ ಬಳಿ ರಿಪೇರಿಗೆ ಬಂದ ರೈಫಲ್ ಯಾವುದೇ ಇರಲಿ, ಮೊದಲು ಮರಳಿನ ಚೀಲದ ಕಡೆ ಬಾಯಿ ತಿರುಗಿಸಿ, ತುಂಬಿದೆ ಅಂತಲೇ ತಿಳಿದು ಮುಟ್ಟುತ್ತೇನೆ.

ಇನ್ನು ಕಾಕಾ ಕೇಳಿದ "ಹೆದರಿಸಾಕ ಎರಡು ಪಂಪ್" ವಿಷಯ. ಸಾಮಾನ್ಯ ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ 10 ಜೂಲ್ ಶಕ್ತಿ. ನಮ್ಮ ಮಕ್ಕಳು ಕಾಗದದ ಗುರಿಗೆ ಹೊಡೆಯುವ ಸ್ಪರ್ಧೆಯ ರೈಫಲ್ಲಿನ ವೇಗ ಸುಮಾರು 175 ಮೀಟರ್. ಚರ್ಮ ತೂರಲು ಸುಮಾರು 100 ಮೀಟರ್ ವೇಗ ಸಾಕು. ಕಣ್ಣಿಗೆ ಅದರ ಅರ್ಧವೂ ಬೇಡ. ಮೂರು ಪಂಪಿಗೇ ಬಹುಪಾಲು ರೈಫಲ್‌ಗಳು 100 ದಾಟುತ್ತವೆ. ಹಾಗಾಗಿ ಹೆದರಿಸುವ ಪಂಪ್ ಅಂತ ಒಂದು ಲೆಕ್ಕವೇ ಇಲ್ಲ. ಮಂಗ ಅಲ್ಲೇ ಸಾಯುವುದಿಲ್ಲ. ಛರ್ರಾವನ್ನು ಮೈಯೊಳಗೆ ಇಟ್ಟುಕೊಂಡು ಓಡುತ್ತದೆ. ಗಾಯ ಕೀವಾಗುತ್ತದೆ, ಹುಳ ಬೀಳುತ್ತದೆ, ಎಲ್ಲೋ ಮರದ ಮೇಲೆ ಎಂಟು ಹತ್ತು ದಿನ ನರಳುತ್ತದೆ. ಬೀದಿನಾಯಿಯ ಕಥೆಯೂ ಅದೇ. ಅದರ ಹೊಟ್ಟೆಗೆ ಹೊಡೆದವನಿಗೆ ಆ ನರಳಾಟ ಕಾಣಿಸುವುದೇ ಇಲ್ಲ.

ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಂತ ಜಾಸ್ತಿ ಬೇಕಾದ ಮಾತೊಂದಿದೆ. ನಮ್ಮ ಅಂಗಳ ಶಹಾಬಾದ್ ಕಲ್ಲಿನದು. ನೆಲಕ್ಕೆ ಅದೇ ಪರಸಿ, ಎಷ್ಟೋ ಮನೆಗಳ ಗೋಡೆಗೂ ಅದೇ, ಹಳೇ ಮನೆಗಳ ಮಾಳಿಗೆಗೂ ಅದೇ. ಪೆಲೆಟ್ ಕಲ್ಲಿಗೆ ಬಿದ್ದರೆ ಅಲ್ಲೇ ನಿಲ್ಲುವುದಿಲ್ಲ. ಸೀಸದ್ದಾದರೆ ಚಪ್ಪಟೆಯಾಗಿ ಚೂರಾಗಿ ಹಾರುತ್ತದೆ. ಉಕ್ಕಿನ ಗುಂಡಾದರೆ ಹೆಚ್ಚುಕಡಿಮೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ.

ನನಗೆ ಆಗ 19 ವರ್ಷ. ಊರ ಮನೆಯ ಹಿತ್ತಲಲ್ಲಿ ಕಲ್ಲಿನ ಗೋಡೆಯ ಮೇಲೆ ಡಬ್ಬಿ ಇಟ್ಟು ಉಕ್ಕಿನ ಗುಂಡು ಹೊಡೆಯುತ್ತಿದ್ದೆ. ತಮ್ಮ ಪಕ್ಕದಲ್ಲೇ ನಿಂತಿದ್ದ. ಒಂದು ಗುಂಡು ಡಬ್ಬಿ ತಪ್ಪಿ ಗೋಡೆಗೆ ಬಡಿಯಿತು. ಮರುಕ್ಷಣ ತಮ್ಮ ಮುಖ ಹಿಡಿದುಕೊಂಡು ಕೂತ. ಕಣ್ಣಿನ ಕೆಳಗೆ ಒಂದು ಬೆರಳಿನಷ್ಟು ದೂರದಲ್ಲಿ ಗಾಯ. ಅವ್ವ ಅರಿಶಿನ ಹಚ್ಚುತ್ತಾ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ. ತಮ್ಮನ ಕೆನ್ನೆಯ ಮೇಲೆ ಆ ಕಲೆ ಈಗಲೂ ಇದೆ. ಅವತ್ತಿನಿಂದ ಕಣ್ಣು ಕಾಯುವ ಕನ್ನಡಕವಿಲ್ಲದೆ ನಾನು ಹೊಡೆದಿಲ್ಲ, ಯಾರಿಗೂ ಹೊಡೆಯಲು ಬಿಟ್ಟಿಲ್ಲ. ಉಕ್ಕಿನ ಗುಂಡನ್ನಂತೂ ಮನೆಯೊಳಗೇ ತರುವುದಿಲ್ಲ.

ಇನ್ನು ಮಾಳಿಗೆಯ ಮೇಲೆ ಕೂತ ಪಾರಿವಾಳ. ಅದಕ್ಕೆ ಹೊಡೆಯಬೇಕಾದರೆ ನಳಿಗೆ ಆಕಾಶದ ಕಡೆ ಇರುತ್ತದೆ. ಗುರಿ ತಪ್ಪಿದ ಪೆಲೆಟ್ 300 ಮೀಟರ್ ದಾಟಿ ಹೋಗಬಹುದು. ಎಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಅರ್ಧ ಓಣಿ ಮಾಳಿಗೆ ಮೇಲೇ ಮಲಗುತ್ತದೆ ಅಲ್ವಾ? ಅದು ಯಾರ ಹಾಸಿಗೆಯ ಮೇಲೆ ಬೀಳುತ್ತದೆ ಅಂತ ಹೇಳುವುದು ಹೇಗೆ?

ಕಾಕಾ ಕೇಳಿದ ಮೊಲದ ಮಾತಿಗೆ ಬರುತ್ತೇನೆ. ಹುಡುಗರು ಅಮೆರಿಕದ ವಿಡಿಯೊ ನೋಡಿ ಬರುತ್ತಾರೆ. ಅಲ್ಲಿ ಒಬ್ಬಾತ ಪಂಪ್ ರೈಫಲ್ಲಿನಿಂದ ಅಳಿಲು, ಮೊಲ ಹೊಡೆದು ಅಡುಗೆ ಮಾಡುತ್ತಾನೆ. ಅಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಬೇಟೆಯ ಕಾಲ ಗೊತ್ತು ಮಾಡಿದ್ದಾರೆ, ಒಬ್ಬನಿಗೆ ದಿನಕ್ಕೆ ಇಷ್ಟೇ ಅಂತ ಮಿತಿ ಇದೆ. ಗುಬ್ಬಚ್ಚಿಯನ್ನೂ ಹೊಡೆಯುತ್ತಾರೆ. ಯಾಕೆಂದರೆ ಗುಬ್ಬಚ್ಚಿ ಅಲ್ಲಿನ ಹಕ್ಕಿಯಲ್ಲ. 1850ರ ದಶಕದಲ್ಲಿ ಯುರೋಪಿನಿಂದ ತಂದು ಬಿಟ್ಟದ್ದು, ಈಗ ಅಲ್ಲಿನ ಹಕ್ಕಿಗಳ ಗೂಡು ಕಸಿಯುತ್ತದೆ. ನಾವು ಮಾರ್ಚ್ 20ರಂದು ಗುಬ್ಬಚ್ಚಿ ದಿನ ಮಾಡಿ, ಮಕ್ಕಳ ಕೈಯಲ್ಲಿ ರಟ್ಟಿನ ಗೂಡು ಕಟ್ಟಿಸುತ್ತೇವೆ. ಹಕ್ಕಿ ಅದೇ, ನೆಲ ಬೇರೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಟ್ರಿಗರ್ ಒತ್ತಬಾರದು ಅನ್ನುವುದು ಇದಕ್ಕೇ.

ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೊಲ, ಗೌಜಲಕ್ಕಿ, ಗಿಳಿ, ಕಾಡುಹಂದಿ ಎಲ್ಲವೂ ಅದರ ಪಟ್ಟಿಯಲ್ಲಿವೆ. ನವಿಲು, ಕೃಷ್ಣಮೃಗ ಮೊದಲ ಪಟ್ಟಿಯಲ್ಲೇ ಇವೆ. ಅವುಗಳ ಬೇಟೆಗೆ ಕಡಿಮೆ ಅಂದರೂ ಮೂರು ವರ್ಷ ಜೈಲು, ಏಳು ವರ್ಷದವರೆಗೂ ಆಗಬಹುದು. ಬೀದರ್ ಕಡೆಯ ಹುಲ್ಲುಗಾವಲಿನಲ್ಲಿ, ಹೊಲದ ಬದುವಿನಲ್ಲಿ ಕೃಷ್ಣಮೃಗ ಓಡಾಡುವುದನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಪೀಡೆ ಪ್ರಾಣಿ ಅಂತ ಬೇರೆ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅದು 2023ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. "ಕಾಗಿ ಹೊಡದ್ರ ಯಾರೂ ಕೇಳಲ್ಲ" ಅನ್ನುವ ಹಳೇ ಮಾತು ಈಗ ನಡೆಯುವುದಿಲ್ಲ. ನಾಯಿ, ಹಂದಿ, ಪಕ್ಕದ ಮನೆಯ ದನಕ್ಕೆ ಹೊಡೆದು ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, ಐದು ವರ್ಷದವರೆಗೆ ಶಿಕ್ಷೆ.

ರೈಫಲ್ ಇಟ್ಟುಕೊಳ್ಳುವುದು ಬೇರೆ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ರಂಧ್ರ 4.5 ಮಿಲಿಮೀಟರ್ ಒಳಗಿದ್ದು, ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಕೆಲವರು ಇದನ್ನು "ಲೈಸೆನ್ಸ್ ಇಲ್ಲ, ಏನಾದ್ರೂ ಹೊಡೀಬಹುದು" ಅಂತ ಓದಿಕೊಳ್ಳುತ್ತಾರೆ. ಕೊಡಲಿ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಡ. ಅದರಿಂದ ಯಾರ ಮರವನ್ನಾದರೂ ಕಡಿಯಬಹುದೇ?

ಸುರಪುರದ ಕಡೆ ಹೋದರೆ ಬೇಟೆಯ ಮಾತಿಗೆ ಹಿರಿಯರ ಕಣ್ಣು ಅರಳುತ್ತವೆ. ಆ ನೆನಪಿಗೆ ನನ್ನಲ್ಲಿ ಗೌರವವಿದೆ. ಅದೇ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಗುರಿಕಾರನ ಕಣ್ಣಿದ್ದವನು ದುರ್ಬೀನು ಹಿಡಿದು ಕೂತರೆ ಒಂದು ಬೆಳಗ್ಗೆ ಹೋದದ್ದೇ ಗೊತ್ತಾಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಕಾಕಾ ಸ್ವಲ್ಪ ಬೇಸರದಿಂದಲೇ ಕೇಳಿದರು. "ಹಂಗಾದ್ರ ನಾ ಏನ್ ಮಾಡ್ಲಿರಿ? ಕಾಟ ಅಂತೂ ಅದ ಅಲ್ರಿ." ಕಾಟ ನಿಜ. ಅದನ್ನು ಇಲ್ಲ ಅನ್ನುವ ಹಕ್ಕು ನನಗಿಲ್ಲ.

ಪಾರಿವಾಳಕ್ಕೆ ಬಲೆ. ಕಿಟಕಿ, ಮಾಡು, ಗ್ಯಾಲರಿ ಎಲ್ಲೆಲ್ಲಿ ಗೂಡು ಕಟ್ಟುತ್ತದೋ ಅಲ್ಲಿ ನೈಲಾನ್ ಬಲೆ ಬಿಗಿದರೆ ಮುಗಿಯಿತು. ಒಂದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಜಾಗವನ್ನೇ ಮುಚ್ಚಿದರೆ ಬರುವುದಿಲ್ಲ. ಇಲಿ, ಹೆಗ್ಗಣಕ್ಕೆ ಮನೆಯಲ್ಲಿ ಬೋನು. ಹೊಲದಲ್ಲಿ ಬಿಲಗಳಿಗೆ ಮೊದಲು ಮಣ್ಣು ಮುಚ್ಚಿ, ಮರುದಿನ ತೆರೆದವು ಯಾವುವು ನೋಡಿ. ಅವುಗಳಲ್ಲಿ ಮಾತ್ರ ಇಲಿ ಇದೆ. ಎರಡು ದಿನ ವಿಷವಿಲ್ಲದ ತಿನಿಸು ಇಟ್ಟು ರೂಢಿ ಮಾಡಿಸಿ, ಆಮೇಲೆ ಕೃಷಿ ಇಲಾಖೆಯವರು ಹೇಳಿದಷ್ಟೇ ಪ್ರಮಾಣದ ಪಾಷಾಣ ಇಡಬೇಕು. ರಾತ್ರಿ ಟಾರ್ಚ್ ಹಿಡಿದು ಒಂದೊಂದೇ ಹೆಗ್ಗಣ ಹೊಡೆಯುತ್ತಾ ಕೂತರೆ ಅವು ಮರಿ ಹಾಕುವ ವೇಗಕ್ಕೆ ನೀವು ಸಾಲುವುದಿಲ್ಲ. ಗೂಗೆ, ಕೇರೆ ಹಾವು ಹೊಲದಲ್ಲಿದ್ದರೆ ಓಡಿಸಬೇಡಿ. ಅವುಗಳ ಕೈಯಲ್ಲಿ ಈ ಕೆಲಸ ನಮಗಿಂತ ಚೆನ್ನಾಗಿ ಆಗುತ್ತದೆ.

ಜೋಳ ಹಾಲುಗಾಳು ತುಂಬಿ ಸೀತನಿಗೆ ಬರುವ ಹೊತ್ತಿಗೆ ಗಿಳಿ ಬರುತ್ತವೆ. ಆಗ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದರು ನಮ್ಮ ಹಿರಿಯರು. ಹಕ್ಕಿ ಏಳುತ್ತಿತ್ತು, ಸಾಯುತ್ತಿರಲಿಲ್ಲ. ಈಗ ಹೊಳೆಯುವ ಪಟ್ಟಿ ಕಟ್ಟುತ್ತಾರೆ, ಗಾಳಿಗೆ ಗುಂಯ್ ಅನ್ನುತ್ತದೆ, ಅದೂ ಒಳ್ಳೆಯದೇ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಇಲ್ಲದಿದ್ದರೆ ಹಕ್ಕಿಗೆ ರೂಢಿಯಾಗಿಬಿಡುತ್ತದೆ. ಕಾಡುಹಂದಿ ಬೆಳೆ ತಿಂದರೆ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಬೇಡಿ, ಹಾನಿ ಹಸಿಯಾಗಿದ್ದಾಗಲೇ ತೋರಿಸಬೇಕು.

ತೊಗರಿ ಹೊಲದಲ್ಲಿ ಮಾತ್ರ ಹಕ್ಕಿ ಬೇಕೇ ಬೇಕು. ಕಾಯಿಕೊರಕ ಹುಳ ಬಂದಾಗ ಕೃಷಿ ವಿಜ್ಞಾನಿಗಳು ಹೊಲದ ತುಂಬಾ ಕೋಲು ನೆಡಿ ಅನ್ನುತ್ತಾರೆ. ಹಕ್ಕಿ ಕೂರಲಿ, ಹುಳ ಹೆಕ್ಕಲಿ ಅಂತ. ಕಾಜಾಣ, ಮೈನಾ ಬಂದು ಕೂತು ಹುಳ ತಿನ್ನುವುದನ್ನು ಕಾಕಾ ಅವರೇ ನನಗಿಂತ ಹೆಚ್ಚು ನೋಡಿದ್ದಾರೆ. ಅವರ ಮಗ ಬೇಸರ ಕಳೆಯಲು ತಂತಿಯ ಮೇಲೆ ಕೂತ ಕಾಜಾಣಕ್ಕೆ ಗುರಿ ಇಟ್ಟರೆ ಹೊಡೆತ ಬೀಳುವುದು ಅವರದೇ ಬೆಳೆಗೆ. ಇದನ್ನು ಹೇಳಿದಾಗ ಕಾಕಾ ಕಪ್ಪು ಕೆಳಗಿಟ್ಟು "ಹೌದ್ ನೋಡ್ರಿ" ಅಂದರು.

ರೈಫಲ್ ಮಾರಿಬಿಡಿ ಅಂತ ನಾನು ಹೇಳಲಿಲ್ಲ. ಅದು ಒಳ್ಳೆಯ ಯಂತ್ರ. ಸ್ಪ್ರಿಂಗಿನ ಒದೆತ ಇಲ್ಲದ ಕಾರಣ ಗುರಿ ಕಲಿಯುವವರಿಗೆ ಇದರಷ್ಟು ಸೌಮ್ಯವಾದದ್ದು ಸಿಗುವುದು ಕಷ್ಟ. 10 ಮೀಟರ್ ಸ್ಪರ್ಧೆಯಲ್ಲಿ ಕಾಗದದ ನಡುವಿನ ಚುಕ್ಕಿ ಎಷ್ಟಿರುತ್ತದೆ ಗೊತ್ತಾ? ಅರ್ಧ ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಆ ಚುಕ್ಕಿಯ ಬೆನ್ನು ಹತ್ತಿಯೇ. ಅದಕ್ಕಿಂತ ಕಷ್ಟದ ಬೇಟೆ ಯಾವುದಿದೆ ಹೇಳಿ.

ಗುರಿಯ ಹಿಂದೆ ಏನಿರಬೇಕು ಅಂತ ಮಾತ್ರ ಬರೆದುಕೊಟ್ಟೆ. ಒಂದು ಮರದ ಪೆಟ್ಟಿಗೆ, ಒಳಗೆ ಒತ್ತಿ ತುಂಬಿದ ಹಳೇ ಬಟ್ಟೆ, ಅದರ ಹಿಂದೆ ಎರಡು ಸಾಲು ಮರಳಿನ ಚೀಲ. ಹಿಂದೆ ದಾರಿ, ಕಿಟಕಿ, ಕೊಟ್ಟಿಗೆ ಯಾವುದೂ ಇರಬಾರದು. ಸೀಸದ ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳಬಾರದು, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ನಮ್ಮ ಧೂಳಿಗೆ ಅದು ಅಂಟಾಗಿ ಕೂರುತ್ತದೆ. ಏರ್‌ಗನ್ನಿಗೆಂದೇ ಬರುವ ಎಣ್ಣೆ, 250 ಹೊಡೆತಕ್ಕೊಮ್ಮೆ ಪಂಪಿನೊಳಗೆ ಎಣ್ಣೆ ಹೀರುವ ಫೆಲ್ಟ್ ಮೆತ್ತೆಗೆ ಒಂದೆರಡು ಹನಿ ಸಾಕು. ನಮ್ಮ ಬೇಸಿಗೆಯಲ್ಲಿ ರೈಫಲ್ಲನ್ನು ತಗಡಿನ ಶೆಡ್ಡಿನಲ್ಲಿ, ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅವರ ಓ-ರಿಂಗ್ ಹರಿದದ್ದೂ ಹಾಗೇ ಅಂತ ನನ್ನ ಅಂದಾಜು.

ಮೊನ್ನೆ ಭಾನುವಾರ ಕಾಕಾ ಮತ್ತೆ ಬಂದಿದ್ದರು, ಒಂಬತ್ತನೇ ತರಗತಿಯ ಮೊಮ್ಮಗಳ ಜೊತೆ. ಗ್ಯಾಲರಿಗೆ ಬಲೆ ಬಿಗಿಸಿದ್ದಾರಂತೆ. ಹುಡುಗಿ ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯ ಮುಂದೆ 10 ಮೀಟರ್ ದೂರದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದಳು. "ಎಷ್ಟು ಪಂಪ್ ಹೊಡೀಲಿ ಸರ?"

"ಮೂರು ಸಾಕವ್ವ" ಅಂದೆ. "ಪ್ರತಿ ಸಲವೂ ಮೂರೇ." ಐದು ಹೊಡೆತದಲ್ಲಿ ಮೂರು ಕಪ್ಪು ವೃತ್ತದೊಳಗೆ ಬಿದ್ದವು. ಕಾಗದವನ್ನು ಕಾಕಾ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.